ಎರಡನೇ ಚರಣದ ತನಕ

ಉಣ್ಣುವವನ ಕೈಯಿಂದ ತುತ್ತು ಕಸಿಯಬಾರದೆಂಬುದು ನಮ್ಮವರಿಗೆ ಗೊತ್ತು. ಕ್ಷೌರಿಕನ ಕೈಯಿಂದ, ಅರ್ಧ ಗಡ್ಡ ಬಾಕಿ ಇರುವಾಗ, ಕತ್ತಿಯನ್ನು ಕೇಳಿ ಪಡೆಯುವ ಧೈರ್ಯವೂ ಯಾರಿಗೂ ಇಲ್ಲ. ಆದರೆ ಹಾಡುತ್ತಿರುವವರ ಕೈಯಿಂದ ಮೈಕನ್ನು ಯಾರು ಬೇಕಾದರೂ, ಯಾವಾಗ ಬೇಕಾದರೂ, ಯಾವ ಕಾರಣಕ್ಕೆ ಬೇಕಾದರೂ ಇಸಿದುಕೊಳ್ಳಬಹುದೆಂಬುದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂಬ ನಮ್ಮ ಮೂರೂ ಊರುಗಳ ಅಲಿಖಿತ ಸಂವಿಧಾನ. ಇದನ್ನು ಪ್ರಶ್ನಿಸಿದವರನ್ನು ನಾನು ಕಂಡಿಲ್ಲ. ನೀವು ಕಂಡಿದ್ದರೆ ದಯವಿಟ್ಟು ಅವರ ಪಾದಧೂಳಿಯನ್ನು ಒಂದು ಪೊಟ್ಟಣದಲ್ಲಿ ಕಟ್ಟಿ ಕಳಿಸಿಕೊಡಿ.

ನಾನು ಕೊಪ್ಪದಲ್ಲಿ ವಕೀಲಿ ಮಾಡುವವನು. ಮಾತೇ ಬಂಡವಾಳ. ಸಂಗೀತದಲ್ಲಿ ನನ್ನ ಪಾಂಡಿತ್ಯವೆಂದರೆ, ಯಾವುದು ಶ್ರುತಿ ಯಾವುದು ಕುಕ್ಕರಿನ ಸೀಟಿ ಎಂದು ದೂರದಿಂದ ಗುರುತಿಸಬಲ್ಲೆ, ಅಷ್ಟೆ. ಆದರೂ ಇಸ್ತ್ರಿ ಮಾಡಿದ ಜುಬ್ಬಾ ಸದಾ ಸಿದ್ಧವಿರುವ ಒಂದೇ ಅರ್ಹತೆಯಿಂದ ನಾನು ಈ ಪ್ರಾಂತ್ಯದ ಖಾಯಂ ವೇದಿಕೆವಾಸಿ. ಎಷ್ಟೋ ಸಭೆಗಳಲ್ಲಿ ಗಂಟಲು ಆರುವ ತನಕ ಕೊರೆದಿದ್ದೇನೆ. ಮುಂದಿನ ಸಾಲಿನವರು ಆಕಳಿಸಿ ಕಣ್ಣೀರು ಒರೆಸಿಕೊಂಡದ್ದನ್ನು ಭಾವೋದ್ರೇಕವೆಂದು ತಿಳಿದು ಇನ್ನಷ್ಟು ಕೊರೆದಿದ್ದೇನೆ. ಒಮ್ಮೆಯೂ ಯಾರೂ ಬಂದು ಮೈಕು ಕೇಳಿಲ್ಲ. ಯಾವುದನ್ನು ನಿಲ್ಲಿಸಿದರೆ ಲೋಕಕಲ್ಯಾಣವಾಗುತ್ತಿತ್ತೋ ಅದನ್ನು ಪೂರ್ತಿ ಸಹಿಸಿಕೊಂಡು, ಹಾಡನ್ನು ಮಾತ್ರ ನಡುವೆ ತುಂಡರಿಸುವ ಈ ವಿವೇಕಕ್ಕೆ ಏನು ಹೇಳುವುದು ಮಾರಾಯ್ರೆ?

ಇಷ್ಟೆಲ್ಲ ಸಿಟ್ಟಿಗೆ ಕಾರಣ ಒಂದು ಬ್ಯಾಂಡು. ಹೆಸರು 'ಮೂರೂರು'. ಕೊಪ್ಪದ ಸಹನಾ ಹಾಡುತ್ತಾಳೆ. ಬೆಳಿಗ್ಗೆ ಹೊತ್ತು ಅಂಗನವಾಡಿಯ ಮಕ್ಕಳನ್ನು ಸಂಭಾಳಿಸುವುದರಿಂದ ಅವಳಿಗೆ ಸಭೆಗಳು ಹೊಸತಲ್ಲ. ಶೃಂಗೇರಿಯ ಪ್ರವೀಣ ಗಿಟಾರು. ಹೊಟ್ಟೆಪಾಡಿಗೆ ಮೊಬೈಲ್ ರಿಪೇರಿ. ಎನ್.ಆರ್. ಪುರದ ಅನಿಲ ಒಂದು ಮರದ ಪೆಟ್ಟಿಗೆಯ ಮೇಲೆ ಕುಳಿತು ಅದನ್ನೇ ಎರಡೂ ಕೈಯಲ್ಲಿ ಬಡಿಯುತ್ತಾನೆ. ಅದೊಂದು ವಾದ್ಯವಂತೆ. ಇವರನ್ನೂ ನಾನು ಸುಮ್ಮನೆ ಬಿಡುವವನಲ್ಲ. ಮೂವರಿಗೂ ಕಪ್ಪು ಅಂಗಿ, ಯಾರೋ ತೀರಿಕೊಂಡ ಹಾಗೆ. ಪ್ರವೀಣ ತಂತಿ ಶ್ರುತಿ ಮಾಡಲು ತೆಗೆದುಕೊಳ್ಳುವ ಹೊತ್ತಿನಲ್ಲಿ ಒಂದು ಸಣ್ಣ ದಾವೆ ಇತ್ಯರ್ಥವಾದೀತು. ಸಿನಿಮಾ ಹಾಡು ಹಾಡಿಕೊಂಡು ಹಾಯಾಗಿರುವುದನ್ನು ಬಿಟ್ಟು, 'ಇದು ನಮ್ದೇ ಸ್ವಂತ ಹಾಡು' ಎಂದು ಘೋಷಿಸುವ ಚಟ ಬೇರೆ. ಸ್ವಂತ ಮಗುವಿನ ಫೋಟೋ ತೋರಿಸುವವರ ಹಾಗೆ, ನೋಡದೆ ಗತ್ಯಂತರವಿಲ್ಲ.

ಆ ಸ್ವಂತ ಹಾಡನ್ನು ಬರೆದವಳು ಸಹನಾ. ಬೆಳಗಿನ ಮೊದಲ ಬಸ್ಸಿಗೆ ಕಾಯುವ ಒಬ್ಬ ಹುಡುಗಿಯ ಹಾಡು. ಮೊದಲ ಚರಣದಲ್ಲಿ ಹುಡುಗಿ ಬಸ್ಸು ಹತ್ತುತ್ತಾಳೆ. ಎರಡನೆಯದರಲ್ಲಿ ಕಿಟಕಿಯ ಬದಿ ಸೀಟು ಸಿಗುತ್ತದೆ. ಮೂರನೆಯದರಲ್ಲಿ ಏನಾಗುತ್ತದೆಂದು ಈ ಮೂರು ಊರಿನಲ್ಲಿ ನರಪಿಳ್ಳೆಗೂ ಗೊತ್ತಿರಲಿಲ್ಲ. ಯಾಕೆಂದರೆ ಹಾಡು ಎಲ್ಲಿಯೂ ಎರಡನೇ ಚರಣವನ್ನು ದಾಟಿದ್ದೇ ಇಲ್ಲ. ಆ ಹುಡುಗಿ ಬಸ್ಸು ಹತ್ತಿದ್ದಕ್ಕೆ ಊರೆಲ್ಲ ಸಾಕ್ಷಿ. ಇಳಿದದ್ದನ್ನು ಕಂಡವರು ಯಾರೂ ಇಲ್ಲ.

ನಾನು ಮೊದಲು ಕೇಳಿದ್ದು ಶೃಂಗೇರಿಯಲ್ಲಿ, ಒಂದು ಸಂಘದ ವಾರ್ಷಿಕೋತ್ಸವದಲ್ಲಿ. ಸಹನಾ ಎರಡನೇ ಚರಣದಲ್ಲಿ ಕಣ್ಣು ಮುಚ್ಚಿ ಸ್ವರ ಏರಿಸುತ್ತಿದ್ದಾಳೆ. ಸಂಚಾಲಕ ಮಹಾಶಯರು ಮೆಲ್ಲನೆ ಬಂದು, ನಿದ್ರಿಸುವ ಮಗುವಿನ ಕೈಯಿಂದ ಗಿಲಕಿ ಬಿಡಿಸುವಷ್ಟು ನಯವಾಗಿ ಮೈಕು ಬಿಡಿಸಿಕೊಂಡು, ಗೇಟಿಗೆ ಅಡ್ಡ ನಿಂತಿರುವ ಬಿಳಿ ಕಾರಿನ ನಂಬರ್ ಓದಿದರು. ಒಮ್ಮೆ ಓದಿದರೆ ಸಾಲದೆಂದು ಇನ್ನೊಮ್ಮೆ, ಅಂಕಿಗಳನ್ನು ಬಿಡಿಬಿಡಿಯಾಗಿ, ರಾಗ ಎಳೆದು ಓದಿದರು. ಆಮೇಲೆ 'ತುಂಬಾ ಸೊಗಸಾದ ಹಾಡು' ಎಂದು ಪ್ರಶಂಸಿಸಿ ವಂದನಾರ್ಪಣೆಗೆ ಹೋದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ಹಿರಿಯರು ಹೇಳಿದ್ದು ಕೋಣಕ್ಕೆ ಮಾಡಿದ ಘೋರ ಅನ್ಯಾಯ. ಕೋಣ ಕೇಳದೆ ಇರಬಹುದು. ಕಿನ್ನರಿ ಕಿತ್ತುಕೊಂಡು ಕಾರಿನ ನಂಬರ್ ಓದುವುದಿಲ್ಲ.

ಎನ್.ಆರ್. ಪುರದ ಮದುವೆ ಆರತಕ್ಷತೆಯಲ್ಲಿ ಅಡ್ಡ ಬಂದದ್ದು ಊಟ. ಪಂಕ್ತಿಗೆ ಎಲೆ ಹಾಕಿದೆ ಎಂದು ಹುಡುಗನ ಸೋದರಮಾವ ಮೈಕಿನಲ್ಲಿ ಸಾರಿದ್ದೇ ತಡ, ಸಭೆ ಎದ್ದು ಹೋದ ವೇಗವನ್ನು ನೋಡಿದ್ದರೆ, ಊರಿಗೆ ಬೆಂಕಿ ಬಿದ್ದರೂ ಇವರೆಲ್ಲ ಬದುಕುಳಿಯುತ್ತಾರೆಂಬ ಭರವಸೆ ನಿಮಗೂ ಬರುತ್ತಿತ್ತು. ಎದ್ದವರಲ್ಲಿ ನಾನೂ ಇದ್ದೆ. ಹೋಳಿಗೆ ಇತ್ತು, ಹೋಳಿಗೆಯ ವಿಷಯದಲ್ಲಿ ನಾನು ತತ್ತ್ವನಿಷ್ಠನಲ್ಲ.

ಆದರೆ ಕೊಪ್ಪದವರು, ಅಂದರೆ ನಮ್ಮವರು, ಈ ಕಲೆಯಲ್ಲಿ ಪರಾಕಾಷ್ಠೆ ತಲುಪಿದರು. ಹಾಡು ನಡೆಯುತ್ತಿರುವಾಗ ಯಾವುದೋ ಮಾಜಿ ಅಧ್ಯಕ್ಷರು ಆಗಮಿಸಿದರು. ಇಂಥವರಿಗೆ ತಡವಾಗಿ ಬರುವುದೇ ಪದವಿಯ ಲಕ್ಷಣ. ಪದವಿ ಹೋದ ಮೇಲೂ ಲಕ್ಷಣ ಹೋಗುವುದಿಲ್ಲ. ತಕ್ಷಣ ಸನ್ಮಾನವಾಗಬೇಕು. ಶಾಲು ಬಂತು, ಹಾರ ಬಂತು, ಹಣ್ಣಿನ ಬುಟ್ಟಿ ಬಂತು, ಕೂರಿಸಲು ಕುರ್ಚಿ ಮಾತ್ರ ಇಲ್ಲ. ಕಾರ್ಯಕರ್ತನೊಬ್ಬ ಸುತ್ತ ನೋಡಿದವನೇ ಅನಿಲನ ಹತ್ತಿರ ಹೋಗಿ, 'ಸ್ವಲ್ಪ ಏಳು ಮಾರಾಯ' ಎಂದು ಅವನನ್ನು ಎಬ್ಬಿಸಿ, ಅವನು ಬಾರಿಸುತ್ತಿದ್ದ ವಾದ್ಯವನ್ನೇ ಎತ್ತಿಕೊಂಡು ಬಂದು ಅಧ್ಯಕ್ಷರ ಕೆಳಗೆ ಇಟ್ಟ! ಅವರು ಅದರ ಮೇಲೆ ಭದ್ರವಾಗಿ ಆಸೀನರಾಗಿ ಮಾಲಾರ್ಪಣೆ ಸ್ವೀಕರಿಸಿದರು. ಅನಿಲ ಬರಿಗೈಯಲ್ಲಿ ನಿಂತು ನೋಡುತ್ತಿದ್ದ. ಸಭೆ ಚಪ್ಪಾಳೆ ತಟ್ಟಿತು. ನನ್ನ ಮೈಯೆಲ್ಲ ಉರಿಯಿತು.

ಅದಾದ ಒಂದೆರಡು ದಿನಕ್ಕೆ ಸಹನಾ ನನ್ನ ಆಫೀಸಿಗೆ ಯಾವುದೋ ಅಫಿಡವಿಟ್ಟಿಗೆ ಬಂದಳು. ಕೆಲಸ ಮುಗಿದರೂ ಹೊರಡಲಿಲ್ಲ.

"ಸಾರ್, ಹರಿಹರಪುರದಲ್ಲಿ ಒಂದು ಪ್ರೋಗ್ರಾಂ ಉಂಟು. ಅಲ್ಲೂ ಅರ್ಧಕ್ಕೆ ನಿಲ್ಸಿದ್ರೆ ಇನ್ನು ನಮ್ ಸ್ವಂತ ಹಾಡು ಹಾಡಲ್ಲ. ಸಿನಿಮಾದ್ದೇ ಹಾಡಿಕೊಂಡಿರ್ತೀನಿ. ಪ್ರವೀಣನಿಗೂ ಹೇಳಿಯಾಯ್ತು" ಎಂದಳು. ಸಿಟ್ಟಿನಿಂದ ಹೇಳಿದ್ದರೆ ನಾನು ಸಮಾಧಾನ ಮಾಡುತ್ತಿದ್ದೆ. ಅವಳು ಅಂಗನವಾಡಿಯ ರಜೆ ತಿಳಿಸುವ ಹಾಗೆ ಹೇಳಿದಳು.

ದೈವಕೃಪೆಯೋ ಏನೋ, ಹರಿಹರಪುರದ ಯುವಕ ಸಂಘದವರು ಕರೆದಿದ್ದ ಅಧ್ಯಕ್ಷರಿಗೆ ಹಿಂದಿನ ದಿನ ಜ್ವರ ಬಂತು. ಸಂಘದ ಕಾರ್ಯದರ್ಶಿ ಗಣಪತಿ ಫೋನ್ ಮಾಡಿ, ಜುಬ್ಬಾ ಇದೆಯಲ್ಲ, ಬಂದುಬಿಡಿ ಎಂದ. ಹೋದೆ. ಅಲ್ಲಿ ಇದ್ದದ್ದು ಎರಡು ಮೈಕು. ಒಂದು ಹಾಡುವವರಿಗೆ, ಇನ್ನೊಂದು ಭಾಷಣಕ್ಕೆ. ನನ್ನ ಅಧ್ಯಕ್ಷ ಭಾಷಣವನ್ನು, ಇತಿಹಾಸದಲ್ಲೇ ಮೊದಲ ಬಾರಿಗೆ, ನಾಲ್ಕು ವಾಕ್ಯಕ್ಕೆ ಮುಗಿಸಿದೆ. ಭಾಷಣದ ಮೈಕನ್ನು ಯಾರಿಗೂ ಕೊಡದೆ ಸ್ವಿಚ್ಚು ಆರಿಸಿ, ಕುರ್ಚಿಯಲ್ಲಿ ಇಟ್ಟು, ಅದರ ಮೇಲೆ ಕೂತೆ. ಆಸನಸುಖದ ದೃಷ್ಟಿಯಿಂದ ಇದನ್ನು ಯಾರಿಗೂ ಶಿಫಾರಸು ಮಾಡಲಾರೆ.

ಹಾಡು ಶುರುವಾಯಿತು. ಹುಡುಗಿ ಬಸ್ಸು ಹತ್ತಿದಳು. ಅಷ್ಟರಲ್ಲಿ ಗಣಪತಿ ಬಗ್ಗಿ ನಡೆದುಕೊಂಡು ಬಂದ.

"ಸಾರ್, ಕಟ್ಟಡದ ದಾನಿಗಳು ಬಂದ್ರು. ಒಂದು ಸ್ವಾಗತ ಹೇಳಿಬಿಡ್ತೀನಿ, ಮೈಕ್ ಎಲ್ಲಿ?"

"ಬಂದ್ರೆ ಕೂರ್ಲಿ. ಕುರ್ಚಿ ಇಲ್ವಾ?"

"ಅಲ್ಲ ಸಾರ್, ಅವ್ರು ಬೇಜಾರು ಮಾಡ್ಕೊಳ್ತಾರೆ."

"ಮಾಡ್ಕೊಳ್ಳಲಿ. ಹಾಡು ಮುಗೀಲಿ."

ಅವನು ಸಹನಾಳ ಕಡೆ ಒಂದು ಹೆಜ್ಜೆ ಇಟ್ಟ. ನಾನು ಅವನ ಅಂಗಿಯ ತುದಿ ಹಿಡಿದೆ. ಸಭಾಧ್ಯಕ್ಷರು ಕಾರ್ಯದರ್ಶಿಯ ಅಂಗಿ ಹಿಡಿದು ಕೂತ ಭಂಗಿ ಎಷ್ಟು ಶೋಭಾಯಮಾನವಾಗಿತ್ತೆಂಬುದನ್ನು ಆಮೇಲೆ ಯಾರದೋ ಮೊಬೈಲಿನಲ್ಲಿ ನೋಡಿದೆ. ಹೆಂಡತಿಗೆ ತೋರಿಸಿಲ್ಲ.

ಎರಡನೇ ಚರಣ ಬಂತು. ಕಿಟಕಿಯ ಬದಿ ಸೀಟು ಸಿಕ್ಕಿತು, ಸ್ವರ ಏರಿತು, ಇಳಿಯಿತು. ಅಲ್ಲಿಗೆ ಸಹನಾ ನಿಲ್ಲಿಸಿದಳು.

ಯಾರೂ ನಿಲ್ಲಿಸಿರಲಿಲ್ಲ. ಅವಳೇ ನಿಲ್ಲಿಸಿದಳು. ನಿಲ್ಲಿಸಿ, ಪಕ್ಕಕ್ಕೆ ತಿರುಗಿ, ಬರುವವರಿಗೆ ಕೊಡಲೆಂದು ಮೈಕನ್ನು ಮುಂದೆ ಚಾಚಿದಳು. ಪ್ರವೀಣ ಗಿಟಾರಿನ ಮೇಲೆ ಅಂಗೈ ಇಟ್ಟು ಸದ್ದಡಗಿಸಿದ. ಅನಿಲ ಅರ್ಧ ಎದ್ದು ಪೆಟ್ಟಿಗೆ ಬಿಟ್ಟುಕೊಡಲು ತಯಾರಾದ. ಮೂವರೂ ವೇದಿಕೆಯ ಬದಿಗೆ ನೋಡುತ್ತ ಕಾದರು, ಈಗ ಯಾರು ಬರುತ್ತಾರೆ, ಎಂತಕ್ಕೆ ಬರುತ್ತಾರೆ ಎಂದು.

ನನ್ನಲ್ಲಿ ಎಲ್ಲರಿಗೂ ಬೇಕಾದಷ್ಟು ತಿರಸ್ಕಾರದ ದಾಸ್ತಾನಿತ್ತು. ಸಂಚಾಲಕರಿಗೆ, ಸೋದರಮಾವಂದಿರಿಗೆ, ದಾನಿಗಳಿಗೆ. ಆ ಚಾಚಿದ ಕೈಯ ಮುಂದೆ ಅದರಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ. ಎಷ್ಟು ಸಲ ಕಿತ್ತುಕೊಂಡರೆ ಮನುಷ್ಯರು ಹೀಗೆ ತಾವಾಗಿ ಕೊಡಲು ಕಲಿಯುತ್ತಾರೆ?

"ಯಾರೂ ಬರಲ್ಲ! ಹಾಡೇ ಮಾರಾಯ್ತಿ!" ಎಂದು ಕೂಗಿದೆ. ಕೋರ್ಟಿನಲ್ಲಿಯೂ ನಾನು ಹಾಗೆ ಕೂಗಿದವನಲ್ಲ.

ಸಹನಾ ಬೆಚ್ಚಿ ನನ್ನನ್ನು ನೋಡಿದಳು, ಮೈಕನ್ನು ನೋಡಿದಳು, ಪ್ರವೀಣನನ್ನು ನೋಡಿದಳು. ಅವರು ಮೂರನೇ ಚರಣವನ್ನು ಅಭ್ಯಾಸ ಮಾಡುವುದನ್ನೇ ಬಿಟ್ಟು ಬಹಳ ಕಾಲವಾಗಿತ್ತಂತೆ. ಯಾರೂ ಕೇಳದ್ದನ್ನು ಯಾಕೆ ತಿದ್ದಿ ತೀಡುವುದು? ಪ್ರವೀಣ ತಂತಿಗಳ ಮೇಲೆ ತಡವರಿಸಿ ದಾರಿ ಹುಡುಕಿದ. ಅವಳು ಮೊದಲ ಸಾಲನ್ನು ತಪ್ಪಿ, ಮತ್ತೆ ಹಿಡಿದು, ಹಾಡಿದಳು. ಹುಡುಗಿ ಇಳಿಯುವ ಊರು ಬಂದೇ ಬಂತು ಎನ್ನುವಷ್ಟರಲ್ಲಿ ಬಾರದೆ, ಬಸ್ಸು ಇನ್ನೆರಡು ತಿರುವು ಸುತ್ತಿ, ಕಡೆಗೂ ನಿಂತಿತು. ಅವಳು ಇಳಿದಳು. ಹಾಡು ಮುಗಿಯಿತು.

ಚಪ್ಪಾಳೆ ಬರಲಿಲ್ಲ. ಮುಗಿಯಿತೆಂಬುದು ಯಾರಿಗೂ ಗೊತ್ತಾಗಲಿಲ್ಲ. ಹಾಡೊಂದು ತಾನಾಗಿ ಮುಗಿದದ್ದನ್ನು ಕಂಡು ಅಭ್ಯಾಸವಿರಬೇಕಲ್ಲ! ಕೊನೆಗೆ ಗಣಪತಿಯ ಅಂಗಿ ಬಿಟ್ಟು ನಾನೇ ತಟ್ಟಿದೆ. ಬಾಕಿಯವರು ಅನುಮಾನದಿಂದ ಸೇರಿಕೊಂಡರು.

ಕಾರ್ಯಕ್ರಮ ಮುಗಿದ ಮೇಲೆ ಕಾಫಿ ಲೋಟ ಹಿಡಿದು ನಿಂತಿದ್ದೆ. ಸಹನಾ ನೇರ ನನ್ನ ಹತ್ತಿರ ಬಂದಳು. ಹಣೆಯ ಬೆವರು ಒರೆಸಿಕೊಂಡಿರಲಿಲ್ಲ.

"ಹೇಗಿತ್ತು ಸಾರ್?"

ಸೊಗಸಾಗಿತ್ತು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕಾರಿನ ನಂಬರ್ ಓದಿದವರೂ ಅದನ್ನೇ ಹೇಳಿದ್ದರು. ನುಂಗಿಕೊಂಡೆ.

"ಮೊದಲ ಎರಡು ಅಡ್ಡಿಲ್ಲ. ಮೂರನೇದು ಎಳೀತು. ಒಂದು ಹುಡುಗಿ ಬಸ್ಸಿಂದ ಇಳಿಯೋಕೆ ಇಷ್ಟು ಸುತ್ತು ಯಾಕೆ ಬೇಕು ಮಾರಾಯ್ತಿ?"

ಹಾಳಾದ ನಾಲಿಗೆ, ಕೆಡಿಸಿಬಿಟ್ಟೆ ಎಂದುಕೊಂಡೆ. ಅಷ್ಟರಲ್ಲಿ ಅವಳ ಮುಖ ಅರಳಿತು. ವೇದಿಕೆಯ ಮೇಲೆ ವೈರು ಸುತ್ತುತ್ತಿದ್ದ ಪ್ರವೀಣನ ಕಡೆ ತಿರುಗಿ, ಬಹುಮಾನ ಬಂದವಳ ಹಾಗೆ, ಇಡೀ ಹಾಲಿಗೆ ಕೇಳುವಂತೆ ಕೂಗಿದಳು:

"ಏ ಪ್ರವೀಣಾ, ಮೂರನೇದು ಸರಿ ಇಲ್ವಂತೆ ಕಣೋ!"