ಪಿಪಿ ನಂಬರು

ಅಕ್ಕಾ, ನಿಮ್ಮ ಸಂದೇಶಗಳನ್ನು ಅಳಿಸಿದವನು ನಾನು. ತಲುಪದಂತೆ ಮಾಡಿದವನೂ ನಾನೇ — ಮೊದಲು ತಿಳಿಯದೆ, ಆಮೇಲೆ ತಿಳಿದು.

ನಿಮ್ಮ ಮುಖ ನಾನು ನೋಡಿಲ್ಲ. ಹೇರೋಹಳ್ಳಿಯಲ್ಲಿ, ಮನೆಯ ದಾರಿ ಮರೆತವರನ್ನು ಇಟ್ಟುಕೊಳ್ಳುವ ಒಂದು ಆಶ್ರಮವಿತ್ತು. ಅದರ ವೆಬ್‌ಸೈಟನ್ನು ವಿಜಯನಗರದ ಒಂದು ಮಹಡಿ ಕೋಣೆಯಲ್ಲಿ ಕೂತು ಮಾಡಿಕೊಟ್ಟೆ. ಅಲ್ಲಿದ್ದವರ ಫೋಟೋಗಳು, ಕೆಳಗೆ ಒಂದು ಫಾರಂ — ಹೆಸರು, ಫೋನ್, ಏನು ಹೇಳಬೇಕೋ ಅದು. ಗುರುತು ಸಿಕ್ಕವರು ತುಂಬಿ ಕಳಿಸಲಿ ಎಂದು. ಕೆಲವೇ ದಿನಗಳಲ್ಲಿ ಅದಕ್ಕೆ ಮನುಷ್ಯರಿಗಿಂತ ಹೆಚ್ಚಾಗಿ ಯಂತ್ರಗಳೇ ಬರೆಯತೊಡಗಿದವು: ಮಾತ್ರೆ, ಜೂಜು, ಜಾಹೀರಾತು. ಅವು ಫೋನಿನ ಜಾಗದಲ್ಲೂ ಅಕ್ಷರ ತುಂಬುತ್ತಿದ್ದವು. ಅದಕ್ಕೇ ಒಂದು ನಿಯಮ ಬರೆದೆ: ಅಲ್ಲಿ ಅಂಕಿಗಳ ಜೊತೆ ಒಂದೇ ಒಂದು ಅಕ್ಷರವಿದ್ದರೂ ಇಡೀ ಸಂದೇಶ ಕಸದ ಫೈಲಿಗೆ. ತಪ್ಪಾಗಿದೆ ಎಂದು ತೋರಿಸಿದರೆ ಯಂತ್ರ ಕಲಿತುಬಿಡುತ್ತದೆಂದು, ಎಲ್ಲರಿಗೂ ‘ನಿಮ್ಮ ಸಂದೇಶ ತಲುಪಿದೆ’ ಎಂದೇ ತೋರಿಸಿದೆ. ಜಾಣತನ ಅಂದುಕೊಂಡಿದ್ದೆ.

ಆಶ್ರಮ ನೋಡಿಕೊಳ್ಳುತ್ತಿದ್ದ ಸರೋಜಮ್ಮ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು.

“ಬಸಣ್ಣನ ಕಡೆಯೋರು ಯಾರಾದ್ರೂ ಬರೆದ್ರೇನಪ್ಪಾ? ಗೇಟ್ ಬಿಟ್ಟು ಕದಲಲ್ಲ ಅಂತಾನೆ.”

“ಇಲ್ಲ ಆಂಟಿ, ಬರೀ ಕಸ. ಗುಡಿಸ್ತಾ ಇದೀನಿ.”

“ನೋಡ್ಕೊಂಡು ಗುಡ್ಸಪ್ಪಾ. ಹಿಂಗೇ ಗುಡಿಸಿ ಗುಡಿಸಿ ನಾನು ಮೂಗುತಿ ಕಳ್ಕೊಂಡೆ.”

ನಕ್ಕೆ. ನೋಡಲಿಲ್ಲ.

ಬಸಣ್ಣ — ನಿಮ್ಮ ತಮ್ಮ — ಒಂದು ದಿನ ಆ ಗೇಟ್ ದಾಟಿ ಹೋದರು; ಮತ್ತೆ ಸಿಗಲಿಲ್ಲ. ಕಸದ ಫೈಲ್ ತೆರೆದದ್ದು ಅದಾದ ಮೇಲೆ. ಕರೆಂಟ್ ಇರಲಿಲ್ಲವೆಂದು ನೆನಪು — ಹಾಗಾದರೆ ಓದಿದ್ದು ಹೇಗೆ? ನನ್ನ ನೆನಪು ನನಗೆ ಕತ್ತಲು ಒದಗಿಸುತ್ತಿದೆ, ಅಷ್ಟೇ. ನಂಬಬೇಡಿ. ಸಂದೇಶಗಳು ಮೂರಿದ್ದವೋ ನಾಲ್ಕೋ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ. ಯಾರೋ ಅಂಗಡಿಯವರು ಟೈಪ್ ಮಾಡಿಕೊಟ್ಟಿರಬೇಕು. “ಎರಡನೇ ಫೋಟೋದಾಗ ಇರಾಂವ ನನ್ನ ತಮ್ಮ ಬಸವರಾಜ. ಅಲ್ಲೇ ಅದಾನೇನ್ರಿ? ನಂಬರ್ ಬಾಜೂ ಮನೀದು. ಕರದು ಕೊಡ್ತಾರ.” ನಂಬರಿನ ಮುಂದೆ ಪಿಪಿ. ಮನೆಯಲ್ಲಿ ಫೋನ್ ಇಲ್ಲದವರೆಲ್ಲ ಪಕ್ಕದ ಮನೆಯ ನಂಬರ್ ಕೊಟ್ಟು ಹಾಗೆ ಬರೆಯುತ್ತಿದ್ದರು. ಲಗ್ಗೆರೆಯಲ್ಲಿ ನಮ್ಮಪ್ಪನೂ ನನ್ನ ಕಾಲೇಜಿನ ಅರ್ಜಿಯಲ್ಲಿ ಹಾಗೆಯೇ ಬರೆದಿದ್ದರು. ಅದು ಗೊತ್ತಿದ್ದೂ, ನಿಯಮ ಬರೆಯುವಾಗ —

ಫೋನ್ ಮಾಡಬಹುದಿತ್ತು. ಏನೆಂದು? ಇದ್ದರು, ಈಗಿಲ್ಲ ಎಂದು? ರಿಸೀವರ್ ಎತ್ತಿದೆ, ಇಟ್ಟೆ. ಹೇಳಿದ್ದರೆ ನೀವು ಬಂದು ಹುಡುಕಬಹುದಿತ್ತು. ಆ ದಾರಿಯನ್ನೂ ಮುಚ್ಚಿದೆ. ನಿಯಮ ತಿದ್ದಿದೆ, ಫೈಲ್ ಅಳಿಸಿದೆ. ಸರೋಜಮ್ಮನಿಗೆ “ಯಾರೂ ಬರೆದಿಲ್ಲ ಆಂಟಿ” ಎಂದೆ. ಅವರು ತೀರಿಕೊಂಡರು, ಹಾಗೆಂದೇ ನಂಬಿಕೊಂಡು. ನಿಮ್ಮ ನಂಬರ್ ಎಲ್ಲೂ ಉಳಿದಿಲ್ಲ. ಊರಿನ ಹೆಸರು ಬರೆದಿದ್ದಿರೋ ಇಲ್ಲವೋ, ಅದೂ ಗೊತ್ತಿಲ್ಲ. ಇದು ನಿಮ್ಮನ್ನು ಮುಟ್ಟುವ ಬಗೆ ನನಗೆ ಕಾಣುತ್ತಿಲ್ಲ.

ನೀವು ಕೇಳಿದ್ದು ಒಂದೇ ಪ್ರಶ್ನೆ. ಇದ್ದರು, ಅಕ್ಕಾ. ನೀವು ಕೇಳಿದಾಗಲೆಲ್ಲ, ಅಲ್ಲೇ ಇದ್ದರು.