ಖಣದ ಮಡಿಕೆಯಲ್ಲಿ ಹೋದ ಹಾಡು

ನನ್ನ ಮಗಳು ಬಳ್ಳಾರಿಯಲ್ಲಿ ಮದುವೆ ಆಲ್ಬಂ ಮಾಡಿಕೊಡುವ ಕೆಲಸ ಮಾಡುತ್ತಾಳೆ. ಈಚೆಗೆ ಆಲ್ಬಮ್ಮಿನ ಜೊತೆ ಹಾಡಿನ ಕಾರ್ಡುಗಳನ್ನೂ ಕೊಡಲು ಶುರುಮಾಡಿದ್ದಾಳೆ. ಇಸ್ಪೀಟಿನ ಎಲೆಯಷ್ಟು ದೊಡ್ಡದು, ಒಂದು ಕಡೆ ಚಿತ್ರ. ಅದಕ್ಕೆ ಫೋನು ತಾಗಿಸಿದರೆ ಸಾಕು, ಫೋನಿನಲ್ಲಿ ಹಾಡು ಬರುತ್ತದೆ. ನಾವು ಚಿಕ್ಕವರಿದ್ದಾಗ ಬೆಂಕಿಪೊಟ್ಟಣದ ಚಿತ್ರ ಕೂಡಿಹಾಕಿ ಒಬ್ಬರಿಗೊಬ್ಬರು ತೋರಿಸಿ ಮೆರೆಯುತ್ತಿದ್ದೆವು. ಈಗಿನ ಹುಡುಗಿಯರು ಇವನ್ನು ಕೂಡಿಹಾಕುತ್ತಾರಂತೆ. ಮೊದಲ ಸಲ ತೋರಿಸಿದಾಗ ನಾನು ಮೂಗು ಮುರಿದೆ. ಹಾಡು ಫೋನಿನಲ್ಲೇ ಇರುವಾಗ ನಡುವೆ ಈ ರಟ್ಟಿನ ದಲ್ಲಾಳಿ ಯಾಕೆ ಎಂದೆ.

"ಕೈಯಾಗ ಹಿಡಿಯಾಕ ಏನರ ಬೇಕಲ್ಲಮ್ಮ," ಅಂದಳು.

ಆ ಮಾತು ನನಗೆ ನಾಟಿದ್ದು ಅವಳು ನಮ್ಮ ಮನೆಯದೇ ಒಂದು ಕಟ್ಟು ಕಾರ್ಡು ಮಾಡಿ ತಂದಾಗ. ಅಪ್ಪನ ರೇಡಿಯೊದ ಚಿತ್ರವಿದ್ದ ಕಾರ್ಡಿನಲ್ಲಿ ಅವರಿಗೆ ಇಷ್ಟವಾಗಿದ್ದ ಸಿನಿಮಾ ಹಾಡು, ಅದೂ ತೆಲುಗಿನದು. ಅಮ್ಮನ ಬೆಳ್ಳಿಯ ಕುಂಕುಮ ಭರಣಿಯ ಚಿತ್ರವಿದ್ದ ಕಾರ್ಡಿನಲ್ಲಿ ಅಮ್ಮನೇ.

ಸತ್ಯನಾರಾಯಣಪೇಟೆಯ ಹಳೆಯ ಮನೆಗೆ ಅಪ್ಪ ಟೇಪ್ ರೆಕಾರ್ಡರ್ ತಂದ ಹೊಸದರಲ್ಲಿ ಅಮ್ಮನನ್ನು ಕೂಡಿಸಿ ಹಾಡಿಸಿದ್ದರು, ಆ ಕ್ಯಾಸೆಟ್ಟಿನ ಹಾಡನ್ನೇ ಮಗಳು ಕಾರ್ಡಿಗೆ ಇಳಿಸಿದ್ದಳು. ಅದು ಶುಕ್ರವಾರದ ಆರತಿ ಹಾಡು, ನಮ್ಮ ಅಜ್ಜಿಯೇ ಕಟ್ಟಿದ್ದು, ಯಾವ ಪುಸ್ತಕದಲ್ಲೂ ಇಲ್ಲ. ಅಮ್ಮ ಅಪ್ಪನೆದುರು ನಾಚಿಕೊಂಡು ಎಳೆದೆಳೆದು ಹಾಡಿದಳು. ಕೊನೆಯ ನುಡಿ ಬರುವ ಮೊದಲೇ ಟೇಪು ಮುಗಿದುಹೋಯಿತು. ಅದೇ ಮಂಗಳದ ನುಡಿ. ಕೊಟ್ಟ ಮನೆಯಲ್ಲಿ ಹೆಣ್ಣುಮಕ್ಕಳು ತಣ್ಣಗಿರಲಿ ಎಂದು ಹರಸುವುದು. ಇನ್ನೊಮ್ಮೆ ಹಾಡು ಎಂದು ಅಪ್ಪ ಕೇಳಿದರೆ, "ಹೋಗ್ರಿ, ಒಲಿ ಮ್ಯಾಲ ಸಾರೈತಿ," ಎಂದು ಎದ್ದೇಹೋದಳು.

ಆ ನುಡಿ ಈಗ ಬರುವುದು ಅಕ್ಕನಿಗೆ ಮಾತ್ರ. ನನಗೆ ಬರುವುದಿಲ್ಲ, ನನ್ನ ದನಿ ಕೇಳಿ ಅಮ್ಮನೇ ನನ್ನನ್ನು ಗಂಟೆ ಬಾರಿಸುವ ಕೆಲಸಕ್ಕೆ ಹಚ್ಚಿದ್ದಳು. ಅಕ್ಕ ಮದುವೆಯಾಗಿ ಸಿರುಗುಪ್ಪಕ್ಕೆ ಹೋದವಳು, ತವರಿಗೆ ಬಂದಾಗಲೆಲ್ಲ ಅಮ್ಮನ ಪಕ್ಕದಲ್ಲಿ ನಿಂತು ಹಾಡುತ್ತಿದ್ದಳು. ಅಡುಗೆಮನೆಯಿಂದ ಕೇಳಿದರೆ ಯಾರ ದನಿ ಯಾವುದೆಂದು ನನಗೂ ಗೊತ್ತಾಗುತ್ತಿರಲಿಲ್ಲ. ಅಮ್ಮ ಹೋದ ಮೇಲೆ ಅಕ್ಕ ಹಾಡುವುದನ್ನು ಬಿಟ್ಟಳು. ಯಾರ ಮನೆಯ ಆರತಿಯಲ್ಲೂ ಬಾಯಿ ತೆರೆಯಲಿಲ್ಲ. ಗಂಟಲು ಸರಿಯಿಲ್ಲ ಎನ್ನುತ್ತಿದ್ದಳು. ಊರವರ ಸುದ್ದಿ ಹೇಳುವಾಗ ಮಾತ್ರ ಆ ಗಂಟಲು ಚೆನ್ನಾಗಿಯೇ ಇರುತ್ತಿತ್ತು. ಅಮ್ಮನನ್ನು ಕಳೆದುಕೊಂಡಿದ್ದೆ, ಅಕ್ಕನ ದನಿಯನ್ನೂ ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ. ಆ ಹಾಡು ಅಕ್ಕನ ಗಂಟಲಲ್ಲೇ ಉಳಿದು ಹೋಗಿಬಿಡುತ್ತದಲ್ಲ ಎಂಬ ಭಯವೂ ಇತ್ತು.

ಕ್ಯಾಸೆಟ್ಟಿನ ಮಾತು ಎತ್ತಿದರೆ ಅಕ್ಕ ಫೋನಿನಲ್ಲಿ, "ಕುಕ್ಕರ್ ಕೂಗಾಕತ್ತೈತಿ, ಇಡ್ತೀನಿ," ಎನ್ನುವಳು. ಕಾರ್ಡನ್ನು ಕೈಗೆ ಕೊಟ್ಟರೆ ಮೇಜಿನ ಮೇಲೆ ಇಟ್ಟು ಹೋಗುತ್ತಾಳೆ ಎಂದು ನನಗೆ ಖಾತ್ರಿ ಇತ್ತು. ಅದಕ್ಕೇ ಒಂದು ಉಪಾಯ ಮಾಡಿದೆ. ಕಣ್ಣು ತೋರಿಸಲು ಬಳ್ಳಾರಿಗೆ ಬಂದಿದ್ದ ಅಕ್ಕ ವಾಪಸ್ ಹೊರಟಾಗ ಉಡಿ ತುಂಬಿದೆ. ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಮೇಲೊಂದು ನೇರಳೆ ಬಣ್ಣದ ಕುಪ್ಪಸದ ಖಣ. ಆ ಖಣದ ಮಡಿಕೆಯೊಳಗೆ ಕಾರ್ಡು ಸೇರಿಸಿದ್ದೆ. ಕಾರ್ಡಿನ ಹಿಂದೆ ‘ಫೋನ್ ತಾಗಿಸಿ’ ಎಂದು ಮಗಳು ಅಚ್ಚು ಹಾಕಿಸಿದ್ದಳು. ಅಕ್ಕ ಊರಿಗೆ ಹೋಗಿ ಖಣ ಬಿಚ್ಚುತ್ತಾಳೆ, ಭರಣಿಯ ಚಿತ್ರ ನೋಡುತ್ತಾಳೆ, ಒಬ್ಬಳೇ ಕೂತು ಕೇಳುತ್ತಾಳೆ, ಕೇಳಿ ನನಗೆ ಫೋನು ಮಾಡುತ್ತಾಳೆ ಎಂದುಕೊಂಡು ಕಾದೆ.

ಫೋನು ಬರಲಿಲ್ಲ. ಕೊನೆಗೆ ನಾನೇ ಮಾಡಿದೆ. ಅಕ್ಕ ಕಾಲುವೆ ನೀರಿನ ಸುದ್ದಿ ಹೇಳಿದಳು, ಭತ್ತದ ನಾಟಿಯ ಸುದ್ದಿ ಹೇಳಿದಳು, ಎದುರು ಮನೆಯವರ ಜಗಳವನ್ನಂತೂ ಬಿಡಿಸಿ ಬಿಡಿಸಿ ಹೇಳಿದಳು.

"ಮತ್ತ ಇನ್ನೇನು?" ಎಂದು ಕೆದಕಿದೆ.

"ಇನ್ನೇನೈತಿ, ಎಲ್ಲಾ ಆರಾಮ."

ಅಮ್ಮನ ದನಿ ಕೇಳಿಯೂ ಹೀಗೆ ಕಲ್ಲಿನಂತೆ ಇರಬಲ್ಲಳಲ್ಲ ಎಂದು ನನಗೆ ಸಿಟ್ಟು ನೆತ್ತಿಗೇರಿತು. ಮಗಳ ಮುಂದೆ ಅಕ್ಕನನ್ನು ಚೆನ್ನಾಗಿ ಬೈದೆ. ಆಷಾಢ ಪೂರ್ತಿ ಮುಖ ಊದಿಸಿಕೊಂಡು ಫೋನೇ ಮಾಡಲಿಲ್ಲ.

ಶ್ರಾವಣದ ಒಂದು ಶುಕ್ರವಾರ ಕುರುಗೋಡಿನಲ್ಲಿರುವ ಅಕ್ಕನ ನಾದಿನಿ ನಮ್ಮಿಬ್ಬರನ್ನೂ ಅರಿಶಿನ ಕುಂಕುಮಕ್ಕೆ ಕರೆದಳು. ನಾನು ಬಸ್ಸು ಹಿಡಿದು ಹೋಗುವಷ್ಟರಲ್ಲಿ ಅಕ್ಕ ಬಂದಿದ್ದಳು. ಬೇಕೆಂದೇ ದೂರ ಕೂತೆ.

"ಮಾರಿ ಹಿಂಗ್ಯಾಕ ಮಾಡೀ? ಬಸ್ಸಿನ್ಯಾಗ ಸೀಟು ಸಿಗಲಿಲ್ಲೇನು?" ಎಂದು ಅಕ್ಕ ನಕ್ಕಳು.

ಪೂಜೆ ಮುಗಿಯಿತು. ನಾದಿನಿ ಆರತಿ ತಟ್ಟೆ ಎತ್ತಿಕೊಂಡು ಸೊಸೆಯನ್ನು ಕೂಗಿದಳು. "ಆ ಕಾರ್ಡಿಗೆ ಫೋನ್ ಹಚ್ಚವಾ." ಸೊಸೆ ದೇವರ ಮಾಡದಿಂದ ಒಂದು ಕಾರ್ಡು ತೆಗೆದು ಫೋನು ತಾಗಿಸಿದಳು. ಅಮ್ಮ ಹಾಡತೊಡಗಿದಳು.

ನಾದಿನಿ ತಟ್ಟೆ ಬೆಳಗುತ್ತಲೇ ತನ್ನ ಅತ್ತಿಗೆಯಾದ ಅಕ್ಕನ ಕಡೆ ಗೋಣು ಮಾಡಿ ಪಕ್ಕದವರಿಗೆ ಹೆಮ್ಮೆಯಿಂದ ಹೇಳುತ್ತಿದ್ದಳು. "ವೈನಿ ಕೊಟ್ಟ ಖಣದಾಗ ಇತ್ರಿ. ಈಗ ಅಂಗಡಿಯವರು ಖಣದ ಜೋಡಿ ಹಾಡೂ ಕೊಡಾಕತ್ಯಾರ ನೋಡ್ರಿ."

ಆಗ ನನಗೆ ಹೊಳೆಯಿತು. ಉಡಿಯಲ್ಲಿ ಬಂದ ಖಣವನ್ನು ನಮ್ಮಲ್ಲಿ ಯಾರು ಬಿಚ್ಚುತ್ತಾರೆ? ಮಡಿಕೆ ಮುರಿಯದೆ ಬೀರುವಿನಲ್ಲಿ ಇಡುತ್ತೇವೆ, ಮುಂದೆ ಮನೆಗೆ ಬಂದ ಮುತ್ತೈದೆಯ ಉಡಿಗೆ ಹಾಕುತ್ತೇವೆ. ನಾನು ಕೊಟ್ಟ ಹಸಿರು ಖಣವೊಂದು ಮೋಕ ಎಂಬ ಊರಿಗೆ ಹೋಗಿ, ಯಾರ್ಯಾರದೋ ಮನೆ ಸುತ್ತಿ, ನನ್ನ ಉಡಿಗೇ ವಾಪಸ್ ಬಂದದ್ದುಂಟು. ನಾನೇ ಈ ಜನ್ಮದಲ್ಲಿ ಒಂದು ಖಣ ಬಿಚ್ಚಿ ನೋಡಿದವಳಲ್ಲ. ಅಕ್ಕ ಬಿಚ್ಚುತ್ತಾಳೆಂದು ಯಾವ ಬುದ್ಧಿಯಲ್ಲಿ ನಂಬಿದ್ದೆನೋ! ನಾದಿನಿಯ ಸೊಸೆ ಹೊಸಬಳು, ಹೊಲಿಸಿಕೊಳ್ಳಲು ಬಿಚ್ಚಿದ್ದಾಳೆ. ಪಾಪ, ಅಕ್ಕ ಅಮ್ಮನ ದನಿ ಕೇಳಿಯೇ ಇರಲಿಲ್ಲ. ಈಗ ಕೇಳುತ್ತಿದ್ದಳು, ಅಷ್ಟು ಹೆಂಗಸರ ನಡುವೆ.

ಅವಳ ಕಡೆ ನೋಡಲು ಹೆದರಿಕೆಯಾಯಿತು. ಆದರೂ ನೋಡಿದೆ. ಕಂಬಕ್ಕೆ ಒರಗಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಹಾಡು ನುಡಿಯಿಂದ ನುಡಿಗೆ ಹೋಗಿ, ಟೇಪು ಮುಗಿದಲ್ಲಿ ಟಕ್ಕನೆ ನಿಂತಿತು.

"ಇಷ್ಟ ಐತ್ರಿ," ಎನ್ನುತ್ತ ನಾದಿನಿ ತಟ್ಟೆ ಇಳಿಸಲು ಬಾಗಿದಳು.

"ತಡೀರಿ," ಅಂದಳು ಅಕ್ಕ. "ಮಂಗಳ ಹಾಡದ ಆರತಿ ಇಳಸಬಾರದು."

ತಟ್ಟೆ ನಾದಿನಿಯ ಕೈಯಲ್ಲೇ ನಿಂತಿತು. ಎಲ್ಲರೂ ಅಕ್ಕನನ್ನು ನೋಡಿದರು. ಅಕ್ಕ ನನ್ನನ್ನು ನೋಡಿದಳು. ನಾನು ಇಲ್ಲವೆಂದು ತಲೆಯಾಡಿಸಿದೆ, ನನಗೆ ಬರುವುದಿಲ್ಲ ಎಂದು ಅವಳಿಗೂ ಗೊತ್ತು. ಬತ್ತಿಗಳು ಉರಿಯುತ್ತಲೇ ಇದ್ದವು. ಅಕ್ಕ ಗಂಟಲು ಸರಿಮಾಡಿಕೊಂಡು ಹಾಡಿದಳು. ಮೊದಲ ಸಾಲಿನಲ್ಲಿ ದನಿ ಒಡೆಯಿತು. ಎರಡನೆಯದರಲ್ಲಿ ಸಿಕ್ಕಿತು. ಕೊಟ್ಟ ಮನೆಯಲ್ಲಿ ಹೆಣ್ಣುಮಕ್ಕಳು ತಣ್ಣಗಿರಲಿ ಎಂಬಲ್ಲಿಗೆ ಬಂದಾಗ ಅಮ್ಮನೇ ನಿಂತು ನನ್ನನ್ನು ಹರಸಿದಂತಾಯಿತು. ಅಳು ಬಂತು, ಅತ್ತುಬಿಟ್ಟೆ. ತಟ್ಟೆ ಇಳಿಯಿತು.

ಹೆಂಗಸರು ಕುಂಕುಮ ತೆಗೆದುಕೊಂಡು ಹೋದ ಮೇಲೆ ಅಕ್ಕ ನನ್ನ ಪಕ್ಕ ಬಂದು ಕೂತಳು.

"ಖಣದಾಗ ಅದನ್ನ ನೀನ ಇಟ್ಟಿದ್ದೇನು?"

"ಹೂಂ."

"ಕೈಯಾಗ ಕೊಡಾಕ ಏನಾಗಿತ್ತು ನಿನಗ?"

"ಕೊಟ್ಟಿದ್ರ ಕೇಳ್ತಿದ್ದೇನು?"

"ಇಲ್ಲ," ಅಂದಳು. "ಕೇಳಿದ್ರ, ಆಕಿ ಇಲ್ಲ ಅನ್ನೋದು ಖರೇ ಆಗಿಬಿಡತೈತಿ ಅಂತ ಹೆದರಿಕಿ."

ಆಮೇಲೆ ಸೊಸೆಯನ್ನು ಕರೆದು ಕಾರ್ಡು ತರಿಸಿದಳು. ತನ್ನ ಫೋನನ್ನು ತಾನೇ ತಾಗಿಸಿದಳು. ಅಮ್ಮ ಶುರುಮಾಡಿದ ಕೂಡಲೇ, ಮೊದಲ ನುಡಿಯಿಂದಲೇ, ಅಕ್ಕನೂ ಜೊತೆಗೆ ಹಾಡಿದಳು.