ಎಡಗಡೆಯ ಗೋಡೆ

ಗೋಡೆಗೆ ತೂತು ಕೊರೆಯುವುದನ್ನು ನನಗೆ ಕಲಿಸಿದವರು ಅಪ್ಪ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಗಂಡುಮಕ್ಕಳಿಲ್ಲದ್ದಕ್ಕೆ ಮಗಳ ಕೈಗೆ ಡ್ರಿಲ್ ಮಷೀನು ಕೊಟ್ಟರು ಪಾಪ ಎಂದು ನೆಂಟರು ಮರುಗುತ್ತಿದ್ದರು. ಅವರ ಮರುಕಕ್ಕಿಷ್ಟು ಬೆಂಕಿ ಹಾಕ. ನನ್ನ ಕೈ ನಡುಗುತ್ತಿರಲಿಲ್ಲ, ಅದೊಂದೇ ಕಾರಣ. ಜನ್ನಾಪುರದ ಮನೆಯಲ್ಲಿ ಕನ್ನಡಿಯಿಂದ ಹಿಡಿದು ಗೀಸರಿನವರೆಗೆ ಎಲ್ಲವನ್ನೂ ಗೋಡೆಗೆ ಕೂರಿಸಿದ್ದು ನಾವಿಬ್ಬರೇ.

ಅಪ್ಪನದು ಕಟ್ಟುನಿಟ್ಟಿನ ಕ್ರಮ. ಮೊದಲು ಬೆರಳ ಗೆಣ್ಣಿನಿಂದ ಗೋಡೆಯನ್ನು ತಟ್ಟಿ ಕೇಳಬೇಕು. ನಲ್ಲಿಯ ನೇರಕ್ಕೆ, ಸ್ವಿಚ್ಚಿನ ನೇರಕ್ಕೆ ಕೈ ಹಾಕಬಾರದು. ಒಳಗೆ ಪೈಪೋ ವೈರೋ ಇರುತ್ತದೆ. ಟೈಲ್ಸ್ ಇದ್ದರೆ ಮೇಲೆ ಕಾಗದದ ಟೇಪು ಅಂಟಿಸಿ, ಅದರ ಮೇಲೆ ಪೆನ್ಸಿಲಿನಿಂದ ಗುರುತು ಹಾಕಬೇಕು. ಇಲ್ಲದಿದ್ದರೆ ಮಷೀನಿನ ತುದಿ ನುಣುಪಿನ ಮೇಲೆ ಜಾರಿ ಎಲ್ಲೋ ಹೋಗಿ ಕೂರುತ್ತದೆ. ಟೈಲ್ಸ್ ದಾಟುವವರೆಗೆ ಬರೀ ತಿರುಗಿಸಬೇಕು, ದಾಟಿದ ಮೇಲಷ್ಟೇ ಕುಟ್ಟುವ ಗುಂಡಿ ಒತ್ತಬೇಕು. ನಾನು ಕೊರೆಯುವಾಗ ಪಕ್ಕದಲ್ಲಿ ನಿಂತು "ಪಾತ್ತು, ಪಾತ್ತು" ಅನ್ನುತ್ತಿದ್ದರು. ಜೊತೆಗೆ ಕೆಲಸ ಮಾಡುತ್ತಿದ್ದ ತಮಿಳರಿಂದ ಅಂಟಿಕೊಂಡ ಮಾತು, ಹುಷಾರು ಅಂತ. ಗುರುತಿಗಿಂತ ಕೂದಲೆಳೆಯಷ್ಟು ಆಚೀಚೆಯಾದರೂ ಮುಖ ಸಿಂಡರಿಸುತ್ತಿದ್ದರು. ಸರಿಯಾಗಿ ಬಿದ್ದರೆ ಏನೂ ಹೇಳುತ್ತಿರಲಿಲ್ಲ. ಆ ಏನೂ ಹೇಳದಿರುವುದಕ್ಕಾಗಿ ನಾನು ಸಾಯುತ್ತಿದ್ದೆ.

ಎರಡು ವರ್ಷದ ಹಿಂದೆ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಎರಡೂ ಸೋತವು. ಅಮ್ಮ ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ಆಸ್ಪತ್ರೆಯಿಂದ ನೇರವಾಗಿ ಶಿವಮೊಗ್ಗಕ್ಕೆ, ರಾಗಿಗುಡ್ಡದ ನಮ್ಮ ಮನೆಗೆ ಕರೆತಂದೆ. ನಮ್ಮ ಮನೆ ಎಂದರೆ ನಾನು, ನನ್ನ ಗಂಡ, ಅತ್ತೆ. ಗಂಡ ಕೆಲಸದ ಮೇಲೆ ವಾರದಲ್ಲಿ ಐದು ದಿನ ಪರವೂರಿನಲ್ಲಿರುತ್ತಾರೆ. ಮನೆಯಲ್ಲಿ ನಡೆಯುವುದು ಅತ್ತೆಯ ಮಾತು. ಬೆಳಿಗ್ಗೆ ಮಡಿಯುಟ್ಟು ದೇವರ ಕೋಣೆ ಹೊಕ್ಕರೆ ಅವರು ಹೊರಗೆ ಬರುವವರೆಗೆ ನಾನು ಕುಕ್ಕರಿನ ಸೀಟಿಯನ್ನೂ ಕೂಗಿಸುವುದಿಲ್ಲ.

ನನ್ನ ಮದುವೆಯಾದ ಇಷ್ಟು ವರ್ಷಗಳಲ್ಲಿ ಅಪ್ಪ ಒಂದು ದಿನವೂ ನಮ್ಮಲ್ಲಿ ಉಳಿದುಕೊಂಡವರಲ್ಲ. ಬೆಳಗಿನ ಬಸ್ಸಿಗೆ ಬಂದು, ಊಟ ಮಾಡಿ, ಸಂಜೆಯ ಬಸ್ಸಿಗೆ ಹೊರಟುಬಿಡುವವರು. ಬೀಗರ ಮನೆಯಲ್ಲಿ ಎರಡನೇ ಸಲ ಸಾರು ಹಾಕಿಸಿಕೊಳ್ಳುವುದಕ್ಕೂ ಅವರಿಗೆ ದಾಕ್ಷಿಣ್ಯ. ಅಂಥವರು ಈಗ ಅದೇ ಬೀಗರ ಮನೆಯ ಹಾಲ್‌ನಲ್ಲಿ ಮಂಚ ಹಾಕಿಸಿಕೊಂಡು ಮಲಗಬೇಕಾಗಿ ಬಂದಿತ್ತು. ಅತ್ತೆ ಬಂದರೆ ಎಡಗೈ ಊರಿ ಎದ್ದು ಕೂರಲು ಒದ್ದಾಡುತ್ತಿದ್ದರು. "ನೀವು ಏಳಬೇಡಿ ಬೀಗರೇ, ಮಲಗಿರಿ" ಎಂದು ಅತ್ತೆ ದಿನಾ ಹೇಳುತ್ತಿದ್ದರು. ಇವರು ದಿನಾ ಏಳುತ್ತಿದ್ದರು.

ಅಪ್ಪನಿಗೆ ಇದ್ದದ್ದು ಒಂದೇ ಹಟ. ಬಚ್ಚಲಿಗೆ ತಾವೇ ಹೋಗಬೇಕು, ತಾವೇ ಬರಬೇಕು. ಕೋಲು ಹಿಡಿದು, ಕಾಲೆಳೆದುಕೊಂಡು ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಕಮೋಡಿನ ಮೇಲೆ ಕೂರುವುದು ಹೇಗೋ ಆಗುತ್ತಿತ್ತು. ಏಳುವುದೇ ಕಷ್ಟ. ನಾನು ಹೊರಗೆ ನಿಂತು ಅವರು ಏದುಸಿರು ಬಿಡುವುದನ್ನು ಕೇಳುತ್ತಿದ್ದೆ. ಒಳಗೆ ಬರಲಾ ಎಂದು ಕೇಳಿದ ದಿನ ಸಿಟ್ಟು ಮಾಡಿಕೊಂಡರು.

"ನಿನ್ ಕೈಲಿ ತೊಳೆಸಿಕೊಳ್ಳೋ ದಿನ ಬರೋದಕ್ಕಿಂತ ಮೊದಲೇ ನಾನು ಹೋಗಬೇಕು ಕಣೇ. ಗೋಡೆಗೊಂದು ಹಿಡಿ ಹಾಕು ಸಾಕು. ಹಿಡ್ಕೊಂಡು ಏಳ್ತೀನಿ."

ಗಾಂಧಿ ಬಜಾರಿಗೆ ಹೋಗಿ ಒಂದೂವರೆ ಅಡಿ ಉದ್ದದ ಸ್ಟೀಲ್ ಹಿಡಿ ತಂದೆ. ಎರಡು ತುದಿಗೂ ಮೂರು ಮೂರು ಸ್ಕ್ರೂ, ಒಟ್ಟು ಆರು ತೂತು. ಅಪ್ಪ ಅದನ್ನು ಎಡಗೈಯಲ್ಲಿ ತೂಗಿ ನೋಡಿ, ಬೆಸುಗೆಯ ಮೇಲೆ ಹೆಬ್ಬೆರಳು ಆಡಿಸಿ, ಪರವಾಗಿಲ್ಲ ಎಂದರು. ಲಕ್ವ ಹೊಡೆದ ಮೇಲೆ ಮೊದಲ ಸಲ ಅವರ ಮುಖ ಫಿಟ್ಟರನ ಮುಖದಂತೆ ಕಂಡಿತ್ತು. ಬಚ್ಚಲಿನೊಳಗೆ ಪ್ಲಾಸ್ಟಿಕ್ ಕುರ್ಚಿ ಇಡಿಸಿ ಕೂತರು. ಕಮೋಡಿನ ಮೇಲೆ ಕೂತರೆ ಎಡಕ್ಕೆ ಒಂದು ಗೋಡೆ, ಬಲಕ್ಕೆ ಒಂದು ಗೋಡೆ, ಎರಡೂ ಕೈಗೆ ಸಿಗುವಷ್ಟು ಹತ್ತಿರ. ಅವರಿಗೆ ಇದ್ದದ್ದು ಎಡಗೈ ಒಂದೇ. ನಾನು ಎಡಗಡೆಯ ಗೋಡೆಗೆ ಟೇಪು ಅಂಟಿಸತೊಡಗಿದೆ.

ಅತ್ತೆ ಬಾಗಿಲಲ್ಲಿ ಬಂದು ನಿಂತರು. "ಆ ಕಡೆ ದೇವರ ಕೋಣೆ ಅಲ್ವೇನೇ?" ಎಂದರು.

ಅಷ್ಟೇ ಅವರು ಹೇಳಿದ್ದು. ಎಷ್ಟು ಸಲ ನೆನಪು ಮಾಡಿಕೊಂಡರೂ ಅದಕ್ಕಿಂತ ಒಂದು ಅಕ್ಷರ ಹೆಚ್ಚಿಲ್ಲ. ಆ ಗೋಡೆಯ ಆಚೆ ಮಗ್ಗುಲಿಗೆ ದೇವರ ಮಂಟಪವಿರುವುದು ನಿಜ. ಅವರ ಧ್ವನಿಯಲ್ಲಿ ಸಿಟ್ಟಿತ್ತೇ, ಬರೀ ವಿಚಾರಿಸಿದ್ದೇ ಗೊತ್ತಿಲ್ಲ, ನಾನು ತಿರುಗಿ ಅವರ ಮುಖ ನೋಡಲಿಲ್ಲ. ನಾನು ನೋಡಿದ್ದು ಅಪ್ಪನ ಮುಖ. ಅವರು ಆಗಲೇ ಕುರ್ಚಿಯಿಂದ ಅರ್ಧ ಎದ್ದಿದ್ದರು.

"ಛೆ ಛೆ, ಬೇಡ ಬೇಡ. ದೇವರ ಗೋಡೆಗೆ ಯಾರಾದ್ರೂ ಕಕ್ಕಸಿನ ಸಾಮಾನು ಹೊಡೀತಾರಾ? ಬಲಗಡೆಗೇ ಹಾಕು ಮಗಾ. ಬಲಗೈಗೂ ಅಭ್ಯಾಸ ಮಾಡಿಸಿ ಅಂತ ಡಾಕ್ಟ್ರು ಹೇಳಿಲ್ವಾ?"

ಬಲಗೈಯಲ್ಲಿ ಅವರಿಗೆ ಒಂದು ಲೋಟ ಎತ್ತಲು ಬರುತ್ತಿರಲಿಲ್ಲ. ನನಗೆ ಗೊತ್ತಿತ್ತು. ಮೂವತ್ತು ವರ್ಷ ಫಿಟ್ಟರ್ ಕೆಲಸ ಮಾಡಿದ ಅವರಿಗೆ ಗೊತ್ತಿರಲಿಲ್ಲವೇ? ಆದರೂ ನಾನು ಎಡಗಡೆಯ ಟೇಪನ್ನು ಕಿತ್ತು ಬಲಗಡೆಗೆ ಅಂಟಿಸಿದೆ. ನನಗೆ ಆಗ ಆದದ್ದು ಬೇಸರವಲ್ಲ, ನಿರಾಳ. ಅತ್ತೆಯ ಜೊತೆ ಮಾತಿಗೆ ಮಾತು ಬೆಳೆಯದೆ ಮುಗಿಯಿತಲ್ಲ ಎಂಬ ನಿರಾಳ. ಇದನ್ನು ಬರೆಯುವಾಗ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಕೆಲಸ ಮಾತ್ರ ಚೊಕ್ಕವಾಗಿ ಆಯಿತು. ಓರೆಯಾಗದಂತೆ ರಸಮಟ್ಟ ಇಟ್ಟು ಗೆರೆ ಎಳೆದೆ. ಹಿಡಿಯನ್ನೇ ಗೋಡೆಗೆ ಒತ್ತಿ ಆರೂ ತೂತಿಗೆ ಗುರುತು ಹಾಕಿದೆ. ಒಂದು ಟೈಲ್ಸೂ ಬಿರುಕು ಬಿಡಲಿಲ್ಲ. ಸ್ಕ್ರೂ ಹಿಡಿಯುವ ಪ್ಲಾಸ್ಟಿಕ್ ಪ್ಲಗ್ಗುಗಳು ಒಂದೊಂದೇ ಸುತ್ತಿಗೆ ಏಟಿಗೆ ಬಿಗಿಯಾಗಿ ಕೂತವು. ಅಪ್ಪ "ಪಾತ್ತು, ಪಾತ್ತು" ಎನ್ನುತ್ತಲೇ ಇದ್ದರು. ಕೊನೆಯ ಸ್ಕ್ರೂ ತಿರುಗಿಸಿದ ಮೇಲೆ ಏನೂ ಹೇಳಲಿಲ್ಲ. ನಾನು ಒಳಗೊಳಗೇ ಬೀಗಿದೆ.

ಒಂದು ತಿಂಗಳಿಗೂ ಹೆಚ್ಚು ಕಾಲ ಹೇಗೋ ನಡೆಯಿತು. ಅಪ್ಪ ಎಡಗೈಯನ್ನು ಮೈಗೆ ಅಡ್ಡವಾಗಿ ಚಾಚಿ, ಸೊಂಟ ತಿರುಚಿ, ಬಲಗಡೆಯ ಹಿಡಿಯನ್ನು ಹಿಡಿದು ಏಳುತ್ತಿದ್ದರಂತೆ. ಅಂತೆ ಎನ್ನುತ್ತೇನೆ, ಏಕೆಂದರೆ ಬಾಗಿಲು ಹಾಕಿರುತ್ತಿತ್ತು. ಸರಿಹೋಗ್ತಿದೆಯಾ ಅಪ್ಪ ಎಂದು ಕೇಳಿದರೆ, "ಬೆಣ್ಣೆ ಹಂಗಿದೆ" ಎನ್ನುತ್ತಿದ್ದರು. ಅವರು ಯಾವತ್ತೂ ನನ್ನ ಕೆಲಸವನ್ನು ಹೊಗಳಿದವರಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಒಂದು ಬೆಳಿಗ್ಗೆ ಚಟ್ನಿಗೆ ಮಿಕ್ಸಿ ಹಾಕಿದ್ದೆ. ಆಫ್ ಮಾಡಿದಾಗ ಬಚ್ಚಲಿನಲ್ಲಿ ಬಕೆಟ್ಟು ಉರುಳುತ್ತಿರುವ ಸದ್ದು ಕೇಳಿತು. ಅಪ್ಪ ಕೂಗಿರಲಿಲ್ಲ. ಕೂಗಿದರೆ ಅತ್ತೆಗೆ ಕೇಳಿಸುತ್ತದಲ್ಲ, ಅದಕ್ಕೆ. ಚಿಲಕ ಮುರಿದು ಒಳಗೆ ಹೋದಾಗ ನೆಲದ ಮೇಲೆ ಬಿದ್ದಿದ್ದರು, ಪಂಚೆ ಬಿಚ್ಚಿಹೋಗಿತ್ತು. ಒಂದೇ ಕೈಯಲ್ಲಿ ಅದನ್ನು ಎಳೆದುಕೊಳ್ಳಲು ಒದ್ದಾಡುತ್ತಿದ್ದರು. "ಬಾಗಿಲು ಹಾಕು, ನಿಮ್ಮತ್ತೆ ಬಂದಾರು" ಎಂಬುದೇ ಅವರು ಮೊದಲು ಆಡಿದ ಮಾತು.

ಸೊಂಟದ ಮೂಳೆ ಮುರಿದಿತ್ತು. ಎಕ್ಸ್‌ರೇ ನೋಡಿದ ಡಾಕ್ಟರು ಹೇಗೆ ಬಿದ್ದರು ಎಂದು ಕೇಳಿದರು. ಹೇಳಿದೆ. ಹಿಡಿ ಯಾವ ಕಡೆ ಇದೆ ಎಂದು ಕೇಳಿದರು. ಬಲಗಡೆ ಎಂದೆ. ಅವರು ಒಂದು ಸಲ ಅಪ್ಪನ ಸೋತ ಬಲಗೈ ನೋಡಿದರು, ಒಂದು ಸಲ ನನ್ನನ್ನು ನೋಡಿದರು, ಆಮೇಲೆ ಚೀಟಿ ಬರೆದರು.

ಮನೆಗೆ ಬಂದು ಅತ್ತೆಯ ಮೇಲೆ ಹರಿಹಾಯ್ದೆ. ಹದಿನೆಂಟು ವರ್ಷ ನುಂಗಿಕೊಂಡಿದ್ದೆಲ್ಲ ಬಾಯಿಗೆ ಬಂತು. ನಿಮ್ಮ ಮಡಿ, ನಿಮ್ಮ ದೇವರು, ನಿಮ್ಮ ಗೋಡೆ ಎಂದೆಲ್ಲ ಅಂದೆ. ಅತ್ತೆ ಅಡುಗೆಮನೆಯ ಮಣೆಯ ಮೇಲೆ ಕೂತು ಪೂರ್ತಿ ಕೇಳಿಸಿಕೊಂಡರು.

"ಬೇಡ ಅಂದ್ನಾ ನಾನು?" ಎಂದು ಕೇಳಿದರು. "ತೂತು ಆಚೆ ಬಂದ್ರೆ ಮಂಟಪಕ್ಕೆ ಏಟು ಬೀಳುತ್ತೆ, ದೇವರನ್ನ ಮೊದಲು ಎತ್ತಿಡೋಣ ಅಂತ ಕೇಳಿದ್ದು ಮಾರಾಯ್ತಿ. ನೀವಿಬ್ಬರೂ ನಿಮ್ಮಷ್ಟಕ್ಕೇ ಆ ಕಡೆ ಹಾಕ್ಕೊಂಡ್ರಿ. ಅವರ ಇಷ್ಟ ಏನೋ ಅಂತ ಸುಮ್ಮನಾದೆ."

ಅವರು ಸುಳ್ಳು ಹೇಳುತ್ತಿದ್ದಾರೆ ಎಂದು ಅಂದುಕೊಳ್ಳಲು ಬಹಳ ಪ್ರಯತ್ನಪಟ್ಟೆ. ಮಾರನೆಯ ದಿನ ಸ್ನಾನ ಮಾಡಿ ಬಂದು ಅವರೇ ಸಾಲಿಗ್ರಾಮ, ವಿಗ್ರಹ, ಪಟ ಒಂದೊಂದನ್ನೇ ಎತ್ತಿ ಹಾಲ್‌ನ ಮೇಜಿನ ಮೇಲೆ ರೇಷ್ಮೆ ಬಟ್ಟೆ ಹಾಸಿ ಇಟ್ಟರು. "ಹೊಡಿ" ಎಂದರು. ಇನ್ನೊಂದು ಹಿಡಿ ತಂದಿದ್ದೆ. ನಾನು ಕೊರೆಯುತ್ತಿದ್ದಾಗ ಅವರು ಆ ಬದಿಯಲ್ಲಿ ಗೋಡೆಗೆ ಅಂಗೈ ಇಟ್ಟು ನಿಂತು, ಇಲ್ಲಿಗೇನೂ ಬರಲಿಲ್ಲ, ಏನೂ ಆಗಲಿಲ್ಲ ಎಂದು ಹೇಳುತ್ತಿದ್ದರು. ಆರು ತೂತಿಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಮತ್ತೆ ದೇವರನ್ನು ಒಳಗಿಟ್ಟು, ಎಂದಿನ ಹೊತ್ತಿಗೇ ದೀಪ ಹಚ್ಚಿದರು.

ಅಪ್ಪ ಮನೆಗೆ ಬಂದದ್ದು ಸ್ಟ್ರೆಚರಿನ ಮೇಲೆ. ಮತ್ತೆ ಎದ್ದು ನಿಲ್ಲಲಿಲ್ಲ. ಅವರಿಗೆ ಬರಬಾರದು ಎಂದಿದ್ದ ದಿನಗಳು ಬಂದವು, ಒಂದಲ್ಲ ಎರಡಲ್ಲ, ನಾಲ್ಕು ತಿಂಗಳು. ನಾನು ತೊಳೆಯುವಾಗ ಗೋಡೆಯ ಕಡೆ ಮುಖ ತಿರುಗಿಸಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅತ್ತೆ ಆ ಹೊತ್ತಿಗೆ ಸರಿಯಾಗಿ ಏನಾದರೂ ನೆಪ ಮಾಡಿಕೊಂಡು ಅಂಗಳಕ್ಕೆ ಹೋಗಿಬಿಡುತ್ತಿದ್ದರು.

ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ. ಎಡಗಡೆ ಇನ್ನೊಂದು ಹಿಡಿ ಹಾಕಿದ್ದನ್ನು ನನ್ನ ಗಂಡನ ಬಾಯಿಂದ ಕೇಳಿದ್ದರೆಂದು ಕಾಣುತ್ತದೆ.

"ಆ ಗೋಡೆಗೆ ಹಾಕಿದ್ಯಂತೆ?"

"ಹೂಂ ಅಪ್ಪ."

"ನಿಮ್ಮತ್ತೆ ಏನೂ ಅನ್ನಲಿಲ್ವಾ?"

"ಇಲ್ಲ. ಅವರೇ ದೇವರನ್ನ ಎತ್ತಿಟ್ಟು ಕೊಟ್ಟರು. ಅವತ್ತೂ ಬೇಡ ಅಂದಿರಲಿಲ್ವಂತೆ."

ಸಮಾಧಾನವಾಗಲಿ ಎಂದು ಹೇಳಿದೆನೋ, ಅತ್ತೆಯ ಪರವಾಗಿ ಹೇಳಿದೆನೋ, ಸುಮ್ಮನೆ ಇದ್ದದ್ದು ಇದ್ದ ಹಾಗೆ ಹೇಳಿದೆನೋ. ಅಪ್ಪ ಗಂಜಿಯ ಚಮಚವನ್ನು ನಾಲಿಗೆಯಿಂದ ಹೊರಕ್ಕೆ ತಳ್ಳಿದರು.

"ಒಂದು ಮಾತು ಕೇಳಬೋದಿತ್ತು ಅಲ್ವಾ ನಾನು" ಎಂದರು.

ಅದಾದ ಮೇಲೆ ಅವರು ಮೂರು ವಾರ ಬದುಕಿದ್ದರು. ಹಸಿವಿಲ್ಲ ಎನ್ನುತ್ತಿದ್ದರು. ಅತ್ತೆ ಬೇಡ ಅಂದಿದ್ದರು ಅಪ್ಪ, ಈಗಲೂ ಜಗಳ ಮಾಡಿಯೇ ಹಾಕಿದೆ ಎಂದು ನಾನು ಒಂದು ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಅವರು ಬೀಗರ ಮಡಿಯನ್ನು ಮನಸ್ಸಿನಲ್ಲೇ ಬೈದುಕೊಂಡು ಗಂಜಿ ಕುಡಿಯುತ್ತಿದ್ದರು.